ಮಿಣುಕುವ ಹಸಿರು

ಚಟ್ಟದ ಬಲಗಡೆಯ ಹಗ್ಗ ಮತ್ತೆ ಸಡಿಲಿತು. ಜ್ಯೋತಿಬಾ ಅಣ್ಣ ಸಾತಪ್ಪನ ಕಾಲ ಬಳಿ ಮಂಡಿಯೂರಿ, ಗಂಟಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. ಬಿದಿರು ಆಗಷ್ಟೇ ಕಡಿದು ತಂದದ್ದು. ಹಗ್ಗ ಅದರ ನುಣುಪಿನ ಮೇಲೆ ಜಾರುತ್ತಿತ್ತು.

“ಬಿಗೀ ಕಟ್ಟೋ ತಮ್ಮಾ,” ಎಂದರು ಅಡಿವೆಯ್ಯ. “ನಿಮ್ಮಣ್ಣ ಒಂದು ಗಂಟು ಸಡ್ಲ ಕಟ್ಟಿದಾಂವ ಅಲ್ಲ. ಸೈಕಲ್ಲಿಗೆ ಎರಡು ಕೀಲಿ ಹಾಕತಿದ್ದಾ.”

“ಎರಡು ಹಾಕಿ, ಮತ್ತ ಹೊಳ್ಳಿ ಬಂದು ಜಗ್ಗಿ ನೋಡತಿದ್ದಾ,” ಎಂದ ಓಣಿಯ ಕುಬೇರ.

ಅಂಗಳದಲ್ಲಿ ಕೂತ ಗಂಡಸರ ನಡುವೆ ಸಣ್ಣ ನಗೆ ಹಾದುಹೋಯಿತು. ನಕ್ಕವರು ಕೂಡಲೇ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ದಾಂಡೇಲಿಯ ಈ ಓಣಿಯ ತುಂಬ ಕಾಗದದ ಕಾರ್ಖಾನೆಯ ಕೆಲಸಗಾರರ ಮನೆಗಳೇ. ಸಾತಪ್ಪನ ತಂದೆಯೂ ಬೆಳಗಾವಿ ಕಡೆಯಿಂದ ಅದೇ ಕೆಲಸಕ್ಕೆ ಬಂದವನು. ಮಗ ಓದಿ ಹಳಿಯಾಳದ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಮಾಸ್ತರನಾದ. ಓಣಿ ಬಿಟ್ಟು ಮಾತ್ರ ಹೋಗಲಿಲ್ಲ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ನಿನ್ನೆ ಸಂಜೆ ಚಹಾದ ಬಸಿ ಕೈಯಲ್ಲಿ ಹಿಡಿದವನು ಹಾಗೇ ಗೋಡೆಗೆ ಒರಗಿದ. ಬಸಿ ಒಡೆಯಲಿಲ್ಲ. ಅದನ್ನು ಮೆಲ್ಲಗೆ ನೆಲಕ್ಕಿಟ್ಟೇ ಒರಗಿದ್ದ ಎಂದು ಹೆಂಡತಿ ಗೋದುಬಾಯಿ ಬಂದವರಿಗೆಲ್ಲ ಹೇಳುತ್ತಿದ್ದಳು. ಸಾತಪ್ಪನ ಅಕ್ಕ ಬೆಳಗಾವಿಯಿಂದ ಬರುವುದು ತಡವಾಗಿ, ಈಗ ಹೊತ್ತು ಇಳಿಯತೊಡಗಿತ್ತು.

“ಕನ್ನಡಕ ತೆಗೀಲೇನು ವೈನಿ?” ಜ್ಯೋತಿಬಾ ಅತ್ತಿಗೆಯನ್ನು ಕೇಳಿದ.

“ಇರ್ಲಿ. ಅದಿಲ್ಲದ ಅವ್ರಿಗೆ ಏನೂ ಕಾಣೂದಿಲ್ಲ.”

ಗೋಡೆಯ ಬದಿಗೆ ಹೆಂಗಸರ ನಡುವೆ ಮೇಘಾ ಕೂತಿದ್ದಳು. ಮುಂಡಗೋಡದ ಹತ್ತಿರ, ಅತ್ತಿವೇರಿ ಕೆರೆಯ ಆಚೆಯ ಹಳ್ಳಿಯ ಕಾಶಿರಾಮನ ಮಗಳು. ಸಾತಪ್ಪನ ಕೈಯಲ್ಲಿ ಕಲಿತು, ಈಗ ಅದೇ ಕಾಲೇಜಿನ ಅದೇ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ತಂದಿದ್ದ ಹೂವಿನ ಹಾರವನ್ನು ಯಾವಾಗ ಹಾಕಬೇಕೆಂದು ತಿಳಿಯದೆ ಇನ್ನೂ ಮಡಿಲಲ್ಲಿಟ್ಟುಕೊಂಡಿದ್ದಳು. ಪಕ್ಕದ ಮನೆಯ ಶಂಕ್ರೆವ್ವ ಅದನ್ನು ನೋಡಿ, ಹಾರ ಬಾಡದಿರಲೆಂದು ತನ್ನ ಒದ್ದೆ ಸೆರಗಿನ ತುದಿಯನ್ನು ಅದರ ಮೇಲೆ ಹೊದಿಸಿದ್ದಳು.

“ಮೊನ್ನಿ ನಮ್ಮನಿ ಫ್ಯೂಜ್ ಹಾಕಿಕೊಟ್ರವಾ,” ಶಂಕ್ರೆವ್ವ ಪಿಸುಗುಟ್ಟಿದಳು. “ಇನ್ನ ಹೋಗೂದಿಲ್ಲಲ್ರಿ ಮಾಸ್ತರ ಅಂದೆ. ಗೊತ್ತಿಲ್ಲವಾ ಅಂದ್ರು. ಮತ್ತ ಮರುದಿನಾ ತಾವಾಗೇ ಬಂದು ನೋಡಿ ಹೋದ್ರು. ಅದಕ್ಕ ನಮ್ಮ ಹುಡುಗೂರು ಅವ್ರಿಗೆ ‘ಗೊತ್ತಿಲ್ಲ ಮಾಸ್ತರ’ ಅಂತಿದ್ವು.”

“ಕಾಲೇಜಿನ್ಯಾಗೂ ಅದ ಹೆಸರ್ರೀ,” ಎಂದಳು ಮೇಘಾ.

ಅಂಗಳದಲ್ಲಿ ಅಡಿವೆಯ್ಯ ಅವಸರ ಮಾಡುತ್ತಿದ್ದರು. ನದಿಯ ಘಾಟಿಗೆ ಒಂದು ಕಮಿಟಿ ಇತ್ತು, ಅದಕ್ಕೆ ಅವರೇ ಹಿರಿಯರು. “ಕಟಗಿ ಎಲ್ಲಿ ಒಟ್ಟ್ಯಾನ ದ್ಯಾಮಪ್ಪ?”

“ಕೆಳಗ, ಉಸುಕಿನ ದಿಬ್ಬದ ಮ್ಯಾಲ,” ಎಂದ ಕುಬೇರ. ಅವನು ಆಗಷ್ಟೇ ನದಿಯಿಂದ ಬಂದಿದ್ದ. “ಮ್ಯಾಲಿನ ಸುಡೂ ಕಟ್ಟಿದು ಫರಸಿ ಕಲ್ಲು ಕಿತ್ತಾರಲ್ರಿ, ರಿಪೇರಿ ನಡದೈತಿ.”

“ಹೊಳಿ ನೋಡಿದೇನು?”

“ಘಾಟಿನ ದೀಪಾ ಹಸಿರೈತಿ ತಗೋರಿ. ಮಿಣಿಮಿಣಿ ಅಂತೈತಿ, ದೀಪಾವಳಿಗೆ ಹಚ್ಚಿದಂಗ. ಕಾಳಜಿ ಇಲ್ಲ.”

ಹಾರದ ಮೇಲಿದ್ದ ಮೇಘಾಳ ಕೈ ನಿಂತಿತು.

ತಪ್ಪು ಕೇಳಿಸಿರಬೇಕು ಎಂದುಕೊಂಡಳು. ಎದ್ದು, ಹಾರವನ್ನು ಶಂಕ್ರೆವ್ವನ ಮಡಿಲಿಗೆ ಸರಿಸಿ, ಹೆಂಗಸರ ಕಾಲು ದಾಟಿ, ಬಾಗಿಲಿಗೆ ಬಂದಳು. “ಕುಬೇರಣ್ಣಾ, ಹಸಿರು ದೀಪಾ ಮಿಣಕತಿತ್ತೇನು, ಇಲ್ಲಾ ಸುಮ್ನ ಉರೀತಿತ್ತೋ?”

“ಹೆಣಾ ಎತ್ತೂ ಹೊತ್ತಿನ್ಯಾಗ ದೀಪದ ಮಾತ ಯಾಕ ತಂಗಿ? ಉರೀತಿತ್ತು.”

“ಆರಿ ಆರಿ ಹತ್ತತಿತ್ತೇನು?”

ಕುಬೇರ ತಲೆ ಕೆರೆದುಕೊಂಡ. “ಹಂಗ ಕಂಡಂಗಾತು. ಗಿಡದ ಎಲಿ ಅಡ್ಡ ಬಂದಿರಬೇಕು. ಗೊತ್ತಿಲ್ಲಬೇ.”



*

ಹಳಿಯಾಳದ ಲ್ಯಾಬಿನಲ್ಲಿ ಮಧ್ಯಾಹ್ನದ ಹೊತ್ತು ಗಣಕಗಳ ಗುಂಯ್ ಸದ್ದಲ್ಲದೆ ಬೇರೇನೂ ಕೇಳುತ್ತಿರಲಿಲ್ಲ. ಮೇಘಾ ಆಗ ಕೊನೆಯ ವರ್ಷದಲ್ಲಿದ್ದಳು. ಎಲೆಕ್ಟ್ರಾನಿಕ್ ಚಿಪ್ಪಿನೊಳಗೆ ಏನೇನು ನಡೆಯಬೇಕೆಂದು ಬರೆದು ಹೇಳುವ ಒಂದು ಭಾಷೆಯಿದೆ, ವೆರಿಲಾಗ್ ಎಂದು. ಬರೆದದ್ದನ್ನು ಚಿಪ್ಪಿಗೆ ತುಂಬುವ ಮೊದಲು ಗಣಕದಲ್ಲಿ ಓಡಿಸಿ ನೋಡುತ್ತಾರೆ. ಪ್ರತಿ ತಂತಿಗೂ ಪರದೆಯ ಮೇಲೆ ಒಂದೊಂದು ಗೆರೆ. ಕೆಳಗಿದ್ದರೆ ಸೊನ್ನೆ, ಮೇಲಿದ್ದರೆ ಒಂದು. ಸೊನ್ನೆಯೋ ಒಂದೋ ಗಣಕಕ್ಕೇ ತಿಳಿಯದಿದ್ದರೆ ಅದು ಎಕ್ಸ್ ಎಂದು ಹೇಳಿ ಗೆರೆಯನ್ನು ಕೆಂಪಗೆ ಎಳೆಯುತ್ತದೆ.

ಮೇಘಾಳ ಪರದೆಯ ತುಂಬ ಕೆಂಪು ಗೆರೆಗಳೇ ಇದ್ದವು. ಗೆಳತಿಯರಿಗೆ ಅದರ ಉಪಾಯ ಗೊತ್ತಿತ್ತು. ಎಲ್ಲದಕ್ಕೂ ಮೊದಲೇ ಒಂದೊಂದು ಸೊನ್ನೆ ಕೊಟ್ಟುಬಿಡು, ಕೆಂಪು ಹೋಗುತ್ತದೆ ಎಂದರು. ಕೊಟ್ಟಳು. ಪರದೆ ಹಬ್ಬದ ಅಂಗಳದಂತೆ ಸ್ವಚ್ಛವಾಯಿತು.

ಸಾತಪ್ಪ ಬಂದು ಹಿಂದೆ ನಿಂತ. ಅವನ ಕೈಯಲ್ಲಿ ಎರಡು ಕಪ್ಪು ಚಹಾ. ಹಾಸ್ಟೆಲಿನಲ್ಲಿ ಆ ದಿನ ಊಟ ಸರಿಯಿಲ್ಲವೆಂದು ಅವನಿಗೆ ಹೇಗೋ ಗೊತ್ತಾಗಿತ್ತು. ಒಂದು ಕಪ್ಪನ್ನು ಅವಳ ಪಕ್ಕಕ್ಕಿಟ್ಟ, ಜೊತೆಗೆ ಕಾಗದದಲ್ಲಿ ಸುತ್ತಿದ ಒಂದು ಜೋಳದ ಭಕ್ಕರಿ.

“ಈ ಸೊನ್ನಿ ನಿನಗ ಯಾರು ಹೇಳಿದ್ರು?”

“ಯಾರೂ ಇಲ್ಲ ಸರ್. ನಾನ ಇಟ್ಟೆ.”

“ಹಂಗಾರ ಅದು ಸೊನ್ನಿ ಅಲ್ಲ. ಗೊತ್ತಿಲ್ಲದ್ದು. ನೀ ಅದಕ್ಕ ಸೊನ್ನೀ ಅಂಗಿ ತೊಡಿಸೀದಿ.”

ಅವಳು ಬರೆಯುತ್ತಿದ್ದದ್ದು ದಾಂಡೇಲಿ ಘಾಟಿನ ದೀಪಕ್ಕಾಗಿ. ಮಳೆಗಾಲ ಮುಗಿದ ಮೇಲೂ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಸುಡುಬಿಸಿಲಿನಲ್ಲೇ ಹೊಳೆ ಏರುತ್ತದೆ. ಬಟ್ಟೆ ಒಗೆಯುವವರಿಗೆ, ದಿಬ್ಬದ ಮೇಲೆ ಹೆಣ ಸುಡುವವರಿಗೆ ಮೊದಲೇ ತಿಳಿಯಲೆಂದು ಸಾತಪ್ಪ ಈ ಕೆಲಸ ಹಿಡಿದಿದ್ದ. ಮೇಲೆ, ಜೋಯಿಡಾ ಕಡೆಯ ಕಾಡಿನಲ್ಲಿ, ಹೊಳೆಯ ಬಂಡೆಗೆ ಕಟ್ಟಿದ ಒಂದು ತೇಲುವ ಡಬ್ಬಿ. ಅಲ್ಲಿಂದ ಕಂಬದಿಂದ ಕಂಬಕ್ಕೆ ತಂತಿ. ಘಾಟಿನಲ್ಲಿ ಒಂದು ಪೆಟ್ಟಿಗೆ ಮತ್ತು ದೀಪ. ನೀರು ಏರಿದೆ, ಏರಿಲ್ಲ ಎಂದು ಡಬ್ಬಿ ಬಿಡದೆ ಹೇಳುತ್ತಿರಬೇಕು. ನೀರು ಬಂದಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು ಎಂದು ಮೇಘಾ ಬರೆದಿದ್ದಳು.

ಸಾತಪ್ಪ ಕುರ್ಚಿ ಎಳೆದು ಕೂತ. ಅವಳ ಬರಹದಲ್ಲಿ ಒಂದು ಸಾಲು ಬದಲಿಸಿದ. “ಇಗಾ, ಕಾಡಿನ್ಯಾಗ ಗಿಡಾ ಬಿದ್ದು ತಂತಿ ಹರೀತು. ಡಬ್ಬಿ ಏನ ಹೇಳತೈತೋ ಪೆಟಗಿಗೆ ಗೊತ್ತಿಲ್ಲ. ಎಕ್ಸ್. ಈಗ ಓಡಸು.”

ಓಡಿಸಿದಳು. ಡಬ್ಬಿಯ ಗೆರೆ ಕೆಂಪಗೆ ಹರಿಯಿತು. ಅದರ ಕೆಳಗೆ, ಹಸಿರು ದೀಪದ ಗೆರೆ ನೆಟ್ಟಗೆ, ನಿಶ್ಚಿಂತೆಯಿಂದ, ಮೇಲೆದ್ದು ನಿಂತಿತು.

“ನೀರ ಬಂದೈತೇನು ಅಂತ ನೀ ಕೇಳಿದಿ. ಹೌದು ಅಂತ ಉತ್ರ ಬರಲಿಲ್ಲ. ಹೌದು ಅನ್ನದ್ದನ್ನೆಲ್ಲಾ ಗಣಕ ಇಲ್ಲ ಅಂತ ತಿಳ್ಕೊಂತು.” ಅವನು ಕನ್ನಡಕ ತೆಗೆದು ಒರೆಸಿದ. “ತಂತಿ ಹರದೈತಿ. ನಿನ್ನ ದೀಪಾ ಹಸಿರೈತಿ. ಈಗ ನಿಮ್ಮವ್ವ ಗೌರಿಬಾಯಿ ಅರಿಬಿ ಒಗ್ಯಾಕ ಬಂದಾಳ ಅಂತ ತಿಳಿ. ಇಳಸ್ತೀಯೇನು ಹೊಳ್ಯಾಗ?”

ಮೇಘಾ ತಾನಿಟ್ಟ ಸೊನ್ನೆಗಳನ್ನು ಒಂದೊಂದಾಗಿ ಅಳಿಸತೊಡಗಿದಳು.

“ಈ ಪರದೆ ಮ್ಯಾಲಾದ್ರ ಕೆಂಪಗೆ ಕಾಣತೈತಿ. ಖರೇ ಚಿಪ್ಪಿನ್ಯಾಗ ಎಕ್ಸ್ ಅನ್ನೂದ ಇಲ್ಲ ಮೇಘಾ. ಅಲ್ಲಿ ಗೊತ್ತಿಲ್ಲದ್ದೂ ಹೌದು, ಇಲ್ಲ, ಎರಡರಾಗ ಒಂದರ ಮಾರಿ ಇಟ್ಕೊಂಡ ಕುಂದರತೈತಿ. ನಿನ್ನ ನೋಡಿ ನಗತೈತಿ. ನನಗ ಅದರ ಅಂಜಿಕಿ ನೋಡು.” ಅವನ ದನಿ ಸಣ್ಣದಾಗಿತ್ತು. “ಗೊತ್ತಿಲ್ಲ ಅನ್ನೂದಕ್ಕ ಒಂದ ದೀಪಾ ಬೇಕು. ಹಳದಿ. ಅದು ಸುಮ್ನ ಉರೀಬಾರದು, ಮಿಣಕಬೇಕು. ಹಸಿರು ಎಂದೂ ಮಿಣಕಬಾರದು.”

ಆ ಸಂಜೆ ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು, ಅವಳು ಹತ್ತಿ ಕೂತ ಮೇಲೂ ಅವನು ಅಲ್ಲೇ ನಿಂತಿದ್ದ. ಹೋಗ್ರಿ ಸರ್ ಎಂದರೆ, ಬಸ್ಸು ನಿಂತಿದೆಯೆಂದರೆ ಹೋಗುತ್ತದೆ ಅಂತಲ್ಲ ಎಂದ. ಬಸ್ಸು ತಿರುವು ದಾಟುವವರೆಗೂ ಅವನ ಬಿಳಿ ಅಂಗಿ ಕಾಣುತ್ತಿತ್ತು.

*

ಮನೆಯಿಂದ ಹೊರಟ ಹೆಣ ಓಣಿ ದಾಟಿ, ಕಾರ್ಖಾನೆಯ ಗೋಡೆಯ ಬದಿಯಿಂದ ನದಿಯ ದಾರಿ ಹಿಡಿಯಿತು. ಮುಂದೆ ಜ್ಯೋತಿಬಾ, ಕೈಯಲ್ಲಿ ಬೆಂಕಿಯ ಮಡಿಕೆ. ಹಿಂದೆ ಚುರುಮುರಿ ತೂರುವವರು. ಎಲ್ಲರಿಗಿಂತ ಹಿಂದೆ ಹೆಂಗಸರು. ಗೋದುಬಾಯಿ ಮಗಳು ಲಕ್ಷ್ಮಿಯ ಕೈ ಹಿಡಿದು ನಡೆಯುತ್ತಿದ್ದಳು. ಶಾಲೆ ಮುಗಿಸುವ ವಯಸ್ಸಿನ ಹುಡುಗಿ. ಅಪ್ಪನ ಹಾಗೆಯೇ ಅವಳಿಗೂ ದಪ್ಪ ಕನ್ನಡಕ.

ಮೇಘಾ ಅಡಿವೆಯ್ಯನವರ ಹತ್ತಿರ ಸರಿದಳು. “ಅಜ್ಜಾರ, ಘಾಟಿನ ದೀಪಾ ಯಾರರೆ ರಿಪೇರಿ ಮಾಡ್ಯಾರೇನ್ರಿ?”

“ಹ್ಞೂಂ ಮತ್ತ. ದ್ಯಾಮಪ್ಪನ ಕೈಲೆ ಮಾಡಿಸಿದ್ವಿ. ಆ ಹಳದಿ ಒಂದ ಸವನ ಮಿಣಕೂದು, ಸೀಟಿ ಊದೂದು. ಗಾಳಿ ಬಂದ್ರ ಊದತೈತಿ, ಆನಿ ಬಂದು ಕಂಬಕ್ಕ ಮೈ ತಿಕ್ಕಿದ್ರ ಊದತೈತಿ. ಮಂದಿ ಅಂಜಿ ಸಾಯಬೇಕೇನು? ಈಗ ಗದ್ಲ ಇಲ್ಲ.”

“ಏನ ಮಾಡಿದ್ರು ಅಂತ?”

“ಅದನ್ನ ಅವನ್ನ ಕೇಳಬೇಕು. ಕರೆಂಟಿನಾಂವ ಅಂವಾ.”

ಮೇಘಾ ಹಿಂದೆ ಬಿದ್ದಳು. ಹಳದಿಯ ಸೀಟಿ ತೆಗೆದಿರಬಹುದು, ಅಷ್ಟೇ ಇರಬಹುದು ಎಂದುಕೊಂಡಳು. ಇರಬಹುದು ಎಂದುಕೊಂಡದ್ದಕ್ಕೇ ಅವಳಿಗೆ ಹೆದರಿಕೆಯಾಯಿತು.

ದಾರಿ ಇಳಿಜಾರಾಗುವ ಕಡೆ, ಹುಣಸೆಯ ಮರದ ಕೆಳಗೆ, ಚಪ್ಪಟೆಯಾದ ಒಂದು ಕಲ್ಲಿದೆ. ಅದಕ್ಕೆ ವಿಸಾವಾ ಎನ್ನುತ್ತಾರೆ. ಹೊತ್ತವರು ಚಟ್ಟವನ್ನು ಇಲ್ಲಿ ಒಂದೇ ಸಲ ಇಳಿಸಿ, ಮುಂದಿನವರು ಹಿಂದಕ್ಕೆ ಹೋಗಿ ಹೆಗಲು ಬದಲಿಸಬೇಕು. ಇಲ್ಲಿಂದ ಎತ್ತಿದ ಮೇಲೆ ಚಿತೆಯ ಮೇಲೇ ಇಳಿಸುವುದು. ನಡುವೆ ನಿಲ್ಲುವಂತಿಲ್ಲ, ಹಿಂದಿರುಗುವಂತಿಲ್ಲ. ಹೆಂಗಸರು ಈ ಕಲ್ಲು ದಾಟುವುದಿಲ್ಲ. ಹೆಗಲು ಬದಲಿಸಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹೆಣ ಆ ಕಲ್ಲಿನ ಮೇಲೆ ಕಾದರೆ ಮನೆಯಿಂದ ಇನ್ನೊಂದು ಜೀವ ಹೋಗುತ್ತದೆ ಎಂದು ಓಣಿಯ ಎಲ್ಲರೂ ನಂಬುತ್ತಾರೆ.

ಚಟ್ಟ ಕಲ್ಲಿಗಿಳಿಯಿತು. ಹುಣಸೆಯ ಕೊಂಬೆಗಳ ನಡುವೆ ಹೊಳೆ ಕಂಡಿತು. ಬೆಳ್ಳನೆಯ ಉಸುಕಿನ ದಿಬ್ಬ; ಅದಕ್ಕೂ ದಡಕ್ಕೂ ನಡುವೆ ಒಣಗಿದ ತಗ್ಗು; ದಿಬ್ಬದ ಮೇಲೆ ಅಚ್ಚುಕಟ್ಟಾಗಿ ಒಟ್ಟಿದ ಚಿತೆ; ಅದರ ಸುತ್ತ ಓಡಾಡುವ ಒಬ್ಬನೇ ಒಬ್ಬ ಮನುಷ್ಯ, ದ್ಯಾಮಪ್ಪ. ಸೂರ್ಯ ಗುಡ್ಡದ ಹಿಂದೆ ಸರಿದಿದ್ದ. ನೆರಳು ಬಿದ್ದ ಘಾಟಿನಲ್ಲಿ, ನೀರಿನ ಅಂಚಿನ ಕಂಬದ ಮೇಲೆ ದೀಪ ಹತ್ತಿತು. ಆರಿತು. ಹತ್ತಿತು.

ಹಸಿರು.

ಎಲೆ ಅಡ್ಡ ಬರುತ್ತಿರಲಿಲ್ಲ. ಅವಳೇ ಬರೆದ ತಾಳ ಅದು, ಹಳದಿಗೆಂದು ಬರೆದದ್ದು.

“ಎತ್ತಬ್ಯಾಡ್ರಿ!” ಅವಳ ದನಿ ಅವಳಿಗೇ ಗುರುತಾಗಲಿಲ್ಲ.

ಎಲ್ಲರೂ ತಿರುಗಿದರು. ಅಡಿವೆಯ್ಯ ಹುಬ್ಬು ಗಂಟಿಕ್ಕಿದರು. “ಏನಾತವಾ?”

“ಅದು ಹಸಿರಲ್ಲ ಅಜ್ಜಾರ. ಹಸಿರು ಮಿಣಕೂದಿಲ್ಲ. ಹಳದಿ ತಂತೀನ ಹಸಿರು ದೀಪಕ್ಕ ಜೋಡ್ಸ್ಯಾರ. ಮ್ಯಾಲಿಂದ ಸುದ್ದಿ ಬರವಲ್ದು. ಹೊಳಿ ಬರತೈತೋ ಇಲ್ಲೋ ಆ ಪೆಟಗಿಗೆ ಗೊತ್ತಿಲ್ಲ.”

“ಮಳಿಲ್ಲ ಮಾರಿಲ್ಲ, ಎಲ್ಲೀ ಹೊಳಿ?”

“ಇಲ್ಲೆ ಮಳೀ ಬೇಕಾಗಿಲ್ಲಲ್ರೀ. ನಿಮಗೂ ಗೊತ್ತೈತಿ.”

“ನೀರು ಬರ್ತೈತಿ ಅಂತ ನಿನಗ ಗೊತ್ತೈತೇನು?” ಹಿಂದಿನಿಂದ ಯಾರೋ ಕೇಳಿದರು.

“ಗೊತ್ತಿಲ್ಲ.”

“ಮಾಸ್ತರ ಹ್ವಾದ್ರೂ ‘ಗೊತ್ತಿಲ್ಲ’ ಅನ್ನೂದು ಹೋಗಲಿಲ್ಲ ನೋಡ್ರಿ,” ಎಂದಿತು ಆ ದನಿ. ಈ ಸಲ ಯಾರೂ ನಗಲಿಲ್ಲ.

ಜ್ಯೋತಿಬಾ ಮಡಿಕೆ ಹಿಡಿದೇ ಅವಳ ಎದುರಿಗೆ ಬಂದ. “ತಂಗಿ, ಕಲ್ಲಿನ ಮ್ಯಾಲ ಕಾಯಿಸಬಾರದು. ಎತ್ರಿ, ಎತ್ರಿ. ಮನ್ಯಾಗ ಲಕ್ಷ್ಮಿ ಐತಿ.”

ನಾಲ್ವರು ಬಾಗಿ ಬಿದಿರಿಗೆ ಕೈ ಹಾಕಿದರು. ಆಗ ಗೋದುಬಾಯಿ ಮುಂದೆ ಬಂದು ಗಂಡನ ಎದೆಯ ಮೇಲೆ ಅಂಗೈ ಇಟ್ಟಳು. ಅವಳು ಅಳುತ್ತಿರಲಿಲ್ಲ.

“ದಸರಾಕ್ಕ ಮದ್ಲನೇ ಸಲ ಎದಿ ನೋವಾತು. ಧಾರವಾಡಕ್ಕ ಹೋಗಿ ತೋರಿಸ್ಕೊಂಡ ಬರ್ರಿ ಅಂದೆ. ಏನೂ ಇರಲಿಕ್ಕಿಲ್ಲ ಬಿಡು ಅಂದ್ರು. ಇರಲಿಕ್ಕಿಲ್ಲ!” ಆ ಪದವನ್ನು ಹೊಸದಾಗಿ ಕೇಳುವವಳಂತೆ ಅವಳು ನಿಂತಳು. “ಜಲ್ಮದಾಗ ಆ ಮಾತು ಆಡದಾವ್ರು. ಮಂದಿಗೆಲ್ಲಾ ಹಳದಿ ದೀಪಾ ಹಚ್ಚಿಕೊಟ್ರು, ತಮ್ಮ ಎದಿಗೆ ತಾವ ಹಸಿರ ಹಚ್ಚಿಕೊಂಡ್ರು. ನಾನೂ ನಂಬಿದೆ. ನಂಬಾಕ ಚೊಲೋ ಇತ್ತು.”

“ವೈನಿ, ಲಕ್ಷ್ಮಿ—”

“ಲಕ್ಷ್ಮಿ ನನ್ನ ಕೈಯಾಗ ಐತಿ, ಜ್ಯೋತಿಬಾ. ದ್ಯಾಮಪ್ಪ ಅಲ್ಲಿ ಉಸುಕಿನ ಮ್ಯಾಲ ಅದಾನ.” ಅವಳು ಕಲ್ಲಿನ ಬದಿಗೆ ಕುಳಿತೇ ಬಿಟ್ಟಳು. “ಇವ್ರು ಇಲ್ಲೇ ಇರ್ಲಿ. ಏನರೆ ಆಗೂದಿದ್ರ ನನಗ ಆಗ್ಲಿ.”

ಮೇಘಾ ಅಷ್ಟರಲ್ಲಿ ಕಲ್ಲು ದಾಟಿದ್ದಳು. ಹೆಂಗಸು ದಾಟಿದಳೆಂದು ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಇನ್ನೊಂದು ಜೊತೆ ಕಾಲಿನ ಸದ್ದು. ಕುಬೇರ, ಧೋತರ ಎತ್ತಿ ಕಟ್ಟಿಕೊಂಡು ಇಳಿದು ಬರುತ್ತಿದ್ದ.

*

ದೀಪ ಹಾಕಿದ ಮೊದಲ ವರ್ಷ ಜನ ಅದನ್ನು ನೋಡಲೆಂದೇ ಘಾಟಿಗೆ ಬರುತ್ತಿದ್ದರು. ಎರಡನೆಯ ವರ್ಷ ಬೈಯತೊಡಗಿದರು. ಕಾಡಿನ ತಂತಿ ಹರಿದಾಗಲೆಲ್ಲ ಹಳದಿ ಮಿಣುಕುತ್ತಿತ್ತು, ಸೀಟಿ ಊದುತ್ತಿತ್ತು. ಬಟ್ಟೆಯ ಗಂಟು ಹೊತ್ತು ಬಂದ ದುರ್ಗವ್ವ ಒಮ್ಮೆ ಕಂಬಕ್ಕೇ ಒಂದು ಕಲ್ಲು ಬೀಸಿದ್ದಳು.

“ಬರತೈತಿ ಅನ್ನು, ಇಲ್ಲಾ ಬರೂದಿಲ್ಲ ಅನ್ನು. ಏನಿದು ನಿಂದು, ಎರಡೂ ಅಲ್ಲದ್ದು?” ಎಂದು ಅವಳು ಸಾತಪ್ಪನನ್ನೇ ತರಾಟೆಗೆ ತೆಗೆದುಕೊಂಡಿದ್ದಳು.

“ಗೊತ್ತಿಲ್ಲ ಅನ್ನೂದು ಕೇಳಾಕ ಭಾಳ ತ್ರಾಸವಾ. ನನಗೂ ಗೊತ್ತೈತಿ,” ಎಂದಿದ್ದ ಅವನು. ಆ ದಿನ ಅವಳ ಬಟ್ಟೆಯ ಗಂಟನ್ನು ತಾನೇ ಸೈಕಲ್ಲಿಗೆ ಹೇರಿ, ಬಾವಿಯವರೆಗೆ ತಳ್ಳಿಕೊಂಡು ಹೋಗಿ, ಅವಳು ಒಗೆದು ಮುಗಿಸುವವರೆಗೂ ನೀರು ಸೇದಿ ಕೊಟ್ಟಿದ್ದ. ಮೇಘಾ ತಂತಿ ಕಟ್ಟಲೆಂದು ಬಂದವಳು ಅದನ್ನು ನೋಡಿದ್ದಳು. ಬಾವಿಯ ಕಟ್ಟೆಗೆ ಕೈ ಊರಿ ಅವನು ನಡುನಡುವೆ ಉಸಿರು ಹಿಡಿಯುತ್ತಿದ್ದದ್ದನ್ನೂ ನೋಡಿದ್ದಳು. ವಯಸ್ಸಾಯಿತು ಎಂದುಕೊಂಡಿದ್ದಳು.

*

ಕುಬೇರ ದಡದಲ್ಲೇ ಉಳಿದ. ತಗ್ಗು ದಾಟುವಾಗ ಮೇಘಾಳ ಕಾಲಿಗೆ ಉಸುಕು ತಣ್ಣಗೆ ತಾಗಿತು. ಒಣಗಿಯೇ ಇತ್ತೋ ಒದ್ದೆಯಿತ್ತೋ, ನಿಂತು ನೋಡಲು ಧೈರ್ಯವಾಗಲಿಲ್ಲ.

ದ್ಯಾಮಪ್ಪ ಹೆಗಲ ಮೇಲೊಂದು ಕೊರಡು ಹೊತ್ತು ನಿಂತಿದ್ದ. ಓಣಿಯಲ್ಲಿ ಯಾರೇ ಸತ್ತರೂ ಕಟ್ಟಿಗೆ ಒಟ್ಟುವವನು ಅವನೇ. ಅದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಹೆಣ್ಣುಮಗಳು ದಿಬ್ಬಕ್ಕೆ ಬಂದದ್ದನ್ನು ನೋಡಿ ಅವನು ಗಾಬರಿಯಾದ.

“ಇಲ್ಲೀಮಟ ಬಂದ್ಯಲ್ಲವಾ! ಯಾಕ?”

“ದ್ಯಾಮಪ್ಪಣ್ಣಾ, ಹಳದಿ ತಂತಿ ಎಲ್ಲಿ ಜೋಡಿಸಿದ್ರಿ?”

“ಅದಾ?” ಅವನು ದೀಪದ ಕಡೆ ನೋಡಿದ. “ಹಸಿರಿಗೇ ಕೊಟ್ಟೆ. ಸೀಟಿ ತಗದೆ. ಮುದಕವ್ವ ಗೊತ್ತಲ್ಲ, ಅಕಾ, ಆ ಮ್ಯಾಲಿನ ಮನಿ? ಆ ಹಳದಿ ಮಿಣಕಾಟಕ್ಕ ಹೊಳಿ ಬಂತು ಹೊಳಿ ಬಂತು ಅಂತ ಹೊಸ್ತಿಲದಾಗ ಕೂಡತಿದ್ಲು. ನಿದ್ದಿಲ್ಲ, ಕೂಳಿಲ್ಲ. ನನಗ ನೋಡಾಕ ಆಗಲಿಲ್ಲ. ಹೋದ ವಾರ ಜೋಡಿಸಿದೆ. ಮರುದಿನಾ ತಾಟ ತುಂಬ ಹೋಳಿಗಿ ಮಾಡಿ ಕಳಿಸಿದ್ಲು ಮುದುಕಿ.” ಅವನು ತಡವರಿಸಿದ. “ಮಾಸ್ತರ್ರಿಗೆ ಹೇಳಬೇಕಂತಿದ್ದೆ.”

“ಮ್ಯಾಲ ಬರ್ರಿ. ಈಗ.”

“ಇನ್ನೊಂದೀಟ ಕಟಗಿ ಐತಿ. ಹೊಳಿ ಬರತೈತಿ ಅಂತ ಸುದ್ದಿ ಬಂದೈತೇನು?”

“ಏನೂ ಸುದ್ದಿ ಬಂದಿಲ್ಲ. ಅದಕ್ಕ ಬರ್ರಿ ಅನ್ನಾಕತ್ತೇನಿ.”

ದ್ಯಾಮಪ್ಪ ಅವಳ ಮುಖ ನೋಡಿದ. ಸುದ್ದಿಯಿಲ್ಲವೆಂದರೆ ಸುಖವೆಂದು ಬದುಕಿದವನಿಗೆ ಆ ಮಾತು ಒಳಗಿಳಿಯಲು ಹೊತ್ತು ಹಿಡಿಯಿತು. ಅವನ ಕಣ್ಣು ಅವಳ ಮುಖದಿಂದ ಜಾರಿ, ಅವಳ ಹಿಂದೆ, ಕೆಳಗೆ, ಒಂದು ಕಡೆ ನೆಟ್ಟಿತು.

ದಿಬ್ಬದ ಒಣ ಅಂಚಿನಲ್ಲಿ ಅವನು ತನ್ನ ಚಪ್ಪಲಿ ಬಿಟ್ಟಿದ್ದ. ಅವುಗಳಲ್ಲಿ ಒಂದು, ಯಾರೂ ಮುಟ್ಟದೆ, ಮೆಲ್ಲಗೆ ತಿರುಗುತ್ತಿತ್ತು.

ಅವನ ಹೆಗಲಿನ ಕೊರಡು ದೊಪ್ಪೆಂದು ಬಿತ್ತು.

ಸದ್ದೇ ಇರಲಿಲ್ಲ. ಹೊಳೆ ಭೋರ್ಗರೆದು ಬರುತ್ತದೆಂದು ಮೇಘಾ ಅಂದುಕೊಂಡಿದ್ದಳು. ಅದು ಬೆಕ್ಕಿನಂತೆ ಬಂದಿತ್ತು. ಮುಂದಿನಿಂದಲೂ ಅಲ್ಲ, ಮೊದಲು ಹಿಂದಿನ ತಗ್ಗಿಗೇ ಹೊಕ್ಕಿತ್ತು. ಅವಳು ಈಗಷ್ಟೇ ನಡೆದು ಬಂದ ದಾರಿಯಲ್ಲಿ ಕಂದು ನೀರು, ಒಣ ಎಲೆಗಳನ್ನು ಮುಂದೆ ಮುಂದೆ ತಳ್ಳುತ್ತ, ಅವಸರವಿಲ್ಲದೆ ಹರಡುತ್ತಿತ್ತು.

“ನಡೀರಿ!”

ತಗ್ಗಿಗೆ ಇಳಿದಾಗ ಮೊಣಕಾಲು. ನಡುವೆ ಬಂದಾಗ ಸೊಂಟ. ಕಾಲ ಕೆಳಗಿನ ಉಸುಕು ಸರಿಯುತ್ತಿತ್ತು. ಇಟ್ಟ ಹೆಜ್ಜೆ ನಿಲ್ಲುತ್ತಿರಲಿಲ್ಲ. ಮೇಘಾಳ ಸೀರೆ ನೀರು ಕುಡಿದು ಅವಳನ್ನು ಕೆಳಕ್ಕೆ ಎಳೆಯಿತು. ದ್ಯಾಮಪ್ಪ ಅವಳ ರಟ್ಟೆ ಹಿಡಿದಿದ್ದ. ಅವನ ಬೆರಳು ಎಲುಬಿನವರೆಗೆ ಊರಿದ್ದವು. ಒಮ್ಮೆ ಇಬ್ಬರೂ ಒಟ್ಟಿಗೆ ಮುಗ್ಗರಿಸಿದರು. ಬಾಯಿಗೆ ಕೆಸರು ಬಂತು. ತಲೆ ಎತ್ತಿದಾಗ ಎದುರಿಗೆ ಏನೋ ಬಿಳಿಯದು ನೀರಿಗೆ ಬಿತ್ತು. ಕುಬೇರನ ಧೋತರ. ದಡದ ಮತ್ತಿಮರಕ್ಕೆ ಒಂದು ಕೈ ಸುತ್ತಿ, ಚಡ್ಡಿಯಲ್ಲಿ ನಿಂತು ಅವನು ಕೂಗುತ್ತಿದ್ದ.

“ಹಿಡೀರಿ! ನಾಚಿಗಿ ಆಮ್ಯಾಲ! ಹಿಡೀರಿ!”

ಹಿಡಿದರು.

ಮೂವರೂ ವಿಸಾವಾ ಕಲ್ಲಿನ ಬಳಿಗೆ ಹತ್ತಿ ಬಂದರು. ಶಂಕ್ರೆವ್ವ ತನ್ನ ಸೆರಗು ಬಿಚ್ಚಿ ಮೇಘಾಳ ತಲೆ ಒರೆಸತೊಡಗಿದಳು. ಅಡಿವೆಯ್ಯ ಹೆಗಲ ಶಾಲು ತೆಗೆದು ದ್ಯಾಮಪ್ಪನಿಗೆ ಹೊದಿಸಿದರು. ಅವರ ಕೈ ಅವನ ಬೆನ್ನಿನ ಮೇಲೆ ಹಾಗೇ ಉಳಿಯಿತು. ದ್ಯಾಮಪ್ಪ ಚಟ್ಟದ ಕಾಲಬುಡದಲ್ಲಿ ಕುಸಿದು ಕೂತು, ಮಾಸ್ತರನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಲಕ್ಷ್ಮಿ ಅವ್ವನ ಕೈ ಬಿಟ್ಟಿರಲಿಲ್ಲ.

ಮೇಘಾ ಮಡಿಲು ಮುಟ್ಟಿ ನೋಡಿಕೊಂಡಳು. ಹಾರ ಇರಲಿಲ್ಲ. ಯಾವಾಗಲೋ ಶಂಕ್ರೆವ್ವ ಅದನ್ನು ಅವಳ ಪರವಾಗಿ ಮಾಸ್ತರನ ಎದೆಗೆ ಹಾಕಿದ್ದಳು.

“ಬರ್ರಿ, ಫರಸಿ ಇಲ್ಲಂದ್ರೂ ಮ್ಯಾಲಿನ ಕಟ್ಟೀ ಮ್ಯಾಲ ಬ್ಯಾರೇ ಒಟ್ಟೂಣು,” ಎಂದ ಜ್ಯೋತಿಬಾ. ಆದರೆ ಅವನೂ ಕದಲಲಿಲ್ಲ. ಅವನ ಕೈಯ ಮಡಿಕೆಯಿಂದ ಹೊಗೆ ನೆಟ್ಟಗೆ ಮೇಲೇರುತ್ತಿತ್ತು.

ಎಲ್ಲರೂ ಕೆಳಗೆ ನೋಡುತ್ತಿದ್ದರು. ದಿಬ್ಬ ಕಾಣದಾಗಿತ್ತು. ದ್ಯಾಮಪ್ಪ ಕಟ್ಟಿದ ಚಿತೆ ಮಾತ್ರ ನೀರಿನ ನಡುವೆ ಇನ್ನೂ ನಿಂತಿತ್ತು. ಅಷ್ಟು ಚೆನ್ನಾಗಿ ಒಟ್ಟಿದ್ದ. ಅದು ಒಮ್ಮೆ ಅಲುಗಿತು. ಆಮೇಲೆ ಒಂದೂ ಕಟ್ಟಿಗೆ ಬಿಚ್ಚಿಕೊಳ್ಳದೆ, ಇಡಿಯಾಗಿ ನೆಲ ಬಿಟ್ಟು ಎದ್ದು, ಮೆಲ್ಲಗೆ ತಿರುಗಿ, ಯಾರನ್ನೋ ಮಲಗಿಸಿಕೊಂಡು ಹೊರಟಂತೆ ಹೊಳೆಯ ಕೆಳಮುಖಕ್ಕೆ ತೇಲತೊಡಗಿತು. ಘಾಟಿನ ಕಂಬದ ಪಕ್ಕದಲ್ಲೇ ಹಾದುಹೋಯಿತು.

ಕಂಬ ಅರ್ಧ ಮುಳುಗಿತ್ತು. ಈಗ ದೀಪಗಳು ಎರಡಾಗಿದ್ದವು, ಒಂದು ಮೇಲೆ, ಒಂದು ನೀರಿನೊಳಗೆ. ಎರಡೂ ಹಸಿರಾಗಿ ಮಿಣುಕುತ್ತಿದ್ದವು.